ಅಗಲ ದಾರಿಗೆ ಸರಿಯುವ ಗೇಟು: ಖರ್ಚು ನೆಲದೊಳಗಿರಲಿ

ಬಾದಾಮಿಯ ಬನಶಂಕರಿ ಜಾತ್ರೆಯಲ್ಲಿ ಮನೆಗೆ ಬಾಗಿಲು ಚೌಕಟ್ಟು ಕೊಳ್ಳುವಾಗ ನಮ್ಮ ರೈತರು ಎಷ್ಟು ವಿಚಾರ ಮಾಡುತ್ತಾರೆಂಬುದು ಎಲ್ಲರಿಗೂ ತಿಳಿದ ಮಾತು. ಕಟ್ಟಿಗೆ ಯಾವುದು, ಗಂಟು ಎಷ್ಟಿವೆ, ಎಲ್ಲಿಯಾದರೂ ಸೀಳಿದೆಯೇ ಎಂದು ತಟ್ಟಿ ನೋಡಿ, ನಾಲ್ಕು ಅಂಗಡಿ ಸುತ್ತಿ, ಚೌಕಾಸಿ ಮಾಡಿ ತರುತ್ತಾರೆ. ಅದೇ ರೈತರು ಹೊಲದ ದಾರಿಗೆ 20 ಅಡಿಯ ಕಬ್ಬಿಣದ ಗೇಟು ಮಾಡಿಸುವಾಗ ಮಾತ್ರ ವೆಲ್ಡಿಂಗ್ ಅಂಗಡಿಗೆ ಅಳತೆ ಹೇಳಿ ಬಂದುಬಿಡುತ್ತಾರೆ. ಮುಂದಿನದೆಲ್ಲ ಅಂಗಡಿಯವನ ವಿಚಾರ. 2 ಕ್ವಿಂಟಲಿಗಿಂತ ಹೆಚ್ಚು ತೂಗುವ, ಮನೆಯ ಮಕ್ಕಳು ದಿನವೂ ದೂಡಿ ತೆಗೆಯುವ ವಸ್ತುವಿನ ಬಗ್ಗೆ ಇಷ್ಟು ಅಲಕ್ಷ್ಯ ಸಲ್ಲದು.

ಚಕ್ಕಡಿಯ ಕಾಲದಲ್ಲಿ ಹೊಲದ ಬಾಯಿ 10 ಅಡಿ ಇದ್ದರೆ ಸಾಕಾಗುತ್ತಿತ್ತು. ಈಗ ಕಬ್ಬು ತುಂಬಿದ ಎರಡು ಟ್ರೇಲರ್ ಎಳೆದುಕೊಂಡು ಟ್ರ್ಯಾಕ್ಟರು ಬರುತ್ತದೆ, ಕಟಾವು ಯಂತ್ರ ಬರುತ್ತದೆ, ದಾಳಿಂಬೆ ಒಯ್ಯಲು ಲಾರಿ ಬರುತ್ತದೆ. ಇಕ್ಕಟ್ಟಾದ ಬಂಡಿದಾರಿಯಿಂದ ಒಳಗೆ ತಿರುಗುವಾಗ ಟ್ರ್ಯಾಕ್ಟರು ನಡುವೆ ಬಂದರೂ ಹಿಂದಿನ ಟ್ರೇಲರು ಒಳಮೂಲೆಯನ್ನು ಕತ್ತರಿಸಿಕೊಂಡೇ ಬರುತ್ತದೆ. ಆದ್ದರಿಂದ 18ರಿಂದ 20 ಅಡಿ ಅಗಲ ಇಂದು ಆಡಂಬರವಲ್ಲ, ಅವಶ್ಯಕತೆ.

ಇಷ್ಟು ಅಗಲಕ್ಕೆ ಬಿಜಾಗರಿಯ ಮೇಲೆ ತಿರುಗುವ ಗೇಟು ಏಕೆ ಬೇಡವೆಂಬುದನ್ನು ಒಂದು ಲೆಕ್ಕದಿಂದ ತಿಳಿಯಬಹುದು. 250 ಕಿಲೋ ತೂಕದ 20 ಅಡಿಯ ಒಂಟಿ ಗೇಟಿನ ಭಾರವೆಲ್ಲ ಕಂಬದಿಂದ 10 ಅಡಿ ದೂರದಲ್ಲಿ ತೂಗಿದಂತೆ ಆಗುತ್ತದೆ. ಮೇಲಿನ ಮತ್ತು ಕೆಳಗಿನ ಬಿಜಾಗರಿಗಳ ನಡುವೆ 4 ಅಡಿ ಅಂತರವಿದ್ದರೆ ಮೇಲಿನದು ಕಂಬವನ್ನು 625 ಕಿಲೋ ಬಲದಿಂದ ಹಗಲಿರುಳು ಜಗ್ಗುತ್ತಿರುತ್ತದೆ. ಎರಡು ಕದ ಮಾಡಿದರೆ ಪ್ರತಿ ಕಂಬಕ್ಕೆ ಈ ಜಗ್ಗು ಸುಮಾರು 156 ಕಿಲೋಗೆ ಇಳಿಯುವುದು ನಿಜ. ದಾರಿ 12 ಅಡಿಯೊಳಗಿದ್ದರೆ ನಾನೂ ಎರಡು ಕದದ ಗೇಟನ್ನೇ ಹೇಳುತ್ತೇನೆ. ಆದರೆ ಅಗಲ ಹೆಚ್ಚಿದಂತೆ ನಮ್ಮ ಎರೆ ಭೂಮಿಯಲ್ಲಿ ಕಂಬ ನೆಟ್ಟಗೆ ನಿಲ್ಲುವುದು ಕಷ್ಟ. ಮಳೆಗಾಲದಲ್ಲಿ ಉಬ್ಬಿ, ಬೇಸಿಗೆಯಲ್ಲಿ ಬಾಯಿ ಬಿಡುವ ಮಣ್ಣು ಕಂಬವನ್ನು ವರ್ಷಕ್ಕಿಷ್ಟು ವಾಲಿಸುತ್ತದೆ. ಕದದ ತುದಿ ನೆಲಕ್ಕೆ ತಾಗುತ್ತದೆ. ಆಮೇಲೆ ಪ್ರತಿ ಸಲ ಎತ್ತಿ ತೆಗೆಯುವ ಕೆಲಸ ಮನೆಯವರ ಪಾಲಿಗೆ.

ಇಳಕಲ್ಲದ ಕೆಂಪು ಕಲ್ಲಿನ ಕಂಬ ಹಾಕಿದರೆ ಹೇಗೆ ಎಂದು ಕೇಳುವವರುಂಟು. ಆ ಕಲ್ಲು ಮೇಲಿನಿಂದ ಬರುವ ಭಾರವನ್ನು ಎಷ್ಟಾದರೂ ಹೊರುತ್ತದೆ. ಪಕ್ಕಕ್ಕೆ ಜಗ್ಗಿದರೆ ಮಾತ್ರ ಕಬ್ಬಿಣದಂತೆ ಬಾಗದೆ ಒಮ್ಮೆಗೇ ಮುರಿಯುತ್ತದೆ. ಬೇಲಿಗೆ ಅದು ಉತ್ತಮ, ಭಾರದ ಗೇಟು ತೂಗುಹಾಕಲು ಯೋಗ್ಯವಲ್ಲ.

ಸರಿಯುವ ಗೇಟಿನಲ್ಲಿ ಕಂಬ ಭಾರ ಹೊರುವುದಿಲ್ಲ. ತೂಕವೆಲ್ಲ ಎರಡು ಗಾಲಿಗಳ ಮೂಲಕ ಹಳಿಗೆ, ಹಳಿಯಿಂದ ನೆಲಕ್ಕೆ ಇಳಿಯುತ್ತದೆ. ಆದ್ದರಿಂದಲೇ ನೆಲದ ಕೆಲಸ ಇಲ್ಲಿ ಮುಖ್ಯ. ಕಿಲೋ ಲೆಕ್ಕದಲ್ಲಿ ದರ ಹೇಳುವವನಿಗೆ ಗೇಟು ಭಾರವಾದಷ್ಟೂ ಲಾಭ. ಅವನು ದಪ್ಪ ತಗಡು, ನವಿಲು, ಹೂಬಳ್ಳಿ ತೋರಿಸುತ್ತಾನೆ. ಹಳಿಯ ಕೆಳಗಿನ ತಳಪಾಯದ ಮಾತು ಎತ್ತುವವರು ಕಡಿಮೆ. ನವಿಲನ್ನು ಬಿಟ್ಟು ಆ ಹಣವನ್ನು ನೆಲದಲ್ಲಿ ಹಾಕಿರೆಂದು ನಾನು ಒತ್ತಿ ಹೇಳುತ್ತೇನೆ.

ಹುನಗುಂದ, ಬಾಗಲಕೋಟೆಯ ಆಳವಾದ ಎರೆಯಲ್ಲಿ ಕನಿಷ್ಠ 3 ಅಡಿ ಅಗೆದು ಕರಿಮಣ್ಣನ್ನು ಪೂರ್ತಿ ಹೊರಹಾಕಬೇಕು. ನಂತರ ಗರಸನ್ನು ಅರ್ಧರ್ಧ ಅಡಿ ಹರಡಿ, ನೀರು ಹೊಡೆದು ದಮ್ಮಸು ಮಾಡುತ್ತ ಬರಬೇಕು. ಅದರ ಮೇಲೆ 1 ಅಡಿ ಅಗಲ, 1 ಅಡಿ ಆಳದ ಕಾಂಕ್ರೀಟು ತೊಲೆಯನ್ನು 12 ಮಿ.ಮೀ.ನ 4 ಸರಳು ಹಾಗೂ ರಿಂಗು ಕಟ್ಟಿ ಹಾಕಬೇಕು. ದಾರಿಗೆ ಅಡ್ಡಲಾಗಿ ಬರುವ ಭಾಗದ ಮೇಲೆ ತುಂಬಿದ ಟ್ರೇಲರು ಹಾಯುವುದರಿಂದ ಅಲ್ಲಿ ತೊಲೆಯ ಎರಡೂ ಬದಿಗೆ 2 ಅಡಿ ಖಡಿ ಕಾಂಕ್ರೀಟಿನ ಹಾಸು ಬೇಕು. ಬಾದಾಮಿ ಕಡೆಯ ಮಸಾರಿಯಲ್ಲಿ, ಕೆಳಗೆ ಗಟ್ಟಿ ನೆಲ ಬೇಗ ಸಿಗುವಲ್ಲಿ, ಇಷ್ಟು ಅಗೆಯುವ ಪ್ರಸಂಗ ಬರುವುದಿಲ್ಲ. ಬಿಡಿ ಬಿಡಿ ಕಲ್ಲುಗಳ ಮೇಲೆ ಹಳಿ ಕೂಡಿಸುವ ರೂಢಿಯನ್ನು ಮಾತ್ರ ಎಲ್ಲಿಯೂ ಅನುಸರಿಸಬೇಡಿ. ಎರೆಯಲ್ಲಿ ಪ್ರತಿ ಕಲ್ಲು ತನ್ನ ದಾರಿ ತಾನು ಹಿಡಿಯುತ್ತದೆ.

ಹಳಿಗೆ 50 ಮಿ.ಮೀ. ಆಂಗಲ್ ಪಟ್ಟಿಯನ್ನು ಬೋರಲು ಹಾಕಿ, ಏಣು ಮೇಲೆ ಬರುವಂತೆ ಕೂಡಿಸಿರಿ. ಪ್ರತಿ 2 ಅಡಿಗೆ ಒಂದು ಸರಳಿನ ಕಾಲನ್ನು ಬೆಸೆದು ಕಾಂಕ್ರೀಟಿನಲ್ಲಿ ಹುಗಿಯಬೇಕು. ಹೊಲದಲ್ಲಿ ಕೆಸರು ಬಂದು ಗೇಟು ಸಿಕ್ಕಿಕೊಳ್ಳುತ್ತದೆ, ಇದು ಪಟ್ಟಣದವರ ಗೇಟು ಎಂಬ ಆಕ್ಷೇಪಣೆಗೆ ಈ ಏಣೇ ಉತ್ತರ. ತಗ್ಗಿನ ಹಳಿಯಲ್ಲಿ ಕೆಸರು ಕೂಡುತ್ತದೆ, ಏಣಿನ ಮೇಲೆ ಅಷ್ಟು ಸುಲಭವಾಗಿ ನಿಲ್ಲುವುದಿಲ್ಲ. ಗಾಲಿಗಳು ನಡುವೆ ವಿ ಆಕಾರದ ತಗ್ಗುಳ್ಳವು, 4 ಅಂಗುಲಕ್ಕೆ ಕಡಿಮೆಯಿಲ್ಲದವು, ಮಣ್ಣು ಹೋಗದಂತೆ ಮುಚ್ಚಿದ ಬೇರಿಂಗಿನವು ಇರಲಿ. ನೀರಿನ ಪೈಪು ಹಿಡಿದು ಹಳಿಯ ಮಟ್ಟ ನೋಡಲೇಬೇಕು. ಇಳಿಜಾರಿದ್ದರೆ ಗೇಟು ತಾನೇ ಓಡುತ್ತದೆ.

20 ಅಡಿ ದಾರಿಗೆ ಗೇಟು 22 ಅಡಿ ಇರಬೇಕು, ತೆರೆದಾಗ ಅದು ನಿಲ್ಲಲು ಬೇಲಿಯ ಒಳಬದಿಗೆ ಅಷ್ಟೇ ಜಾಗ ಬೇಕು. ಆ ಜಾಗವಿಲ್ಲದಿದ್ದರೆ ಈ ಗೇಟಿನ ಆಸೆ ಬಿಡುವುದು ಮೇಲು. ದಾರಿಯಲ್ಲಿ ಹಳಿಯೇ ಇಲ್ಲದೆ ತೇಲಿಕೊಂಡು ಹೋಗುವ ಗೇಟೂ ಉಂಟು. 20 ಅಡಿಗೆ ಅದರ ಒಟ್ಟು ಉದ್ದ 30 ಅಡಿಯವರೆಗೆ ಹೋಗುತ್ತದೆ, ಹಿಂಬದಿಗೆ ಭಾರೀ ಕಾಂಕ್ರೀಟು ಗಟ್ಟಿಯೂ ಬೇಕು. ನೀರು ನಿಲ್ಲುವ ದಾರಿಗೆ ಮಾತ್ರ ಆ ಖರ್ಚು ಯೋಗ್ಯ.

ಗೇಟಿನ ಚೌಕಟ್ಟಿಗೆ 50 ಮಿ.ಮೀ. ಚೌಕ ಪೈಪು, ನಡುವೆ 25 ಮಿ.ಮೀ. ಪೈಪುಗಳು ಸಾಕು. ಸಂದು 4 ಅಂಗುಲ ಮೀರದಿದ್ದರೆ ಕುರಿಮರಿಯೂ ನುಸುಳದು. ಪೂರ್ತಿ ತಗಡು ಹೊಡೆಯಬೇಡಿ. 20 ಅಡಿ ಉದ್ದ, 5 ಅಡಿ ಎತ್ತರದ ತಗಡಿಗೆ ಗಂಟೆಗೆ 70 ಕಿ.ಮೀ. ವೇಗದ ಗಾಳಿ ಬಡಿದರೆ 2 ಕ್ವಿಂಟಲಿಗೂ ಮಿಕ್ಕಿದ ಒತ್ತಡ ಬೀಳುತ್ತದೆ. ಕೆಳಗಿನ ಪೈಪಿಗೆ ಅಲ್ಲಲ್ಲಿ ಸಣ್ಣ ತೂತು ಬಿಡಿಸಿ. ಒಳಗೆ ಸೇರಿದ ನೀರು ಹರಿದು ಹೋಗದಿದ್ದರೆ ಪೈಪು ಒಳಗಿನಿಂದಲೇ ತುಕ್ಕು ತಿನ್ನುತ್ತದೆ. ಗೊಬ್ಬರದ ಚೀಲಗಳನ್ನು ಗೇಟಿಗೆ ಒರಗಿಸುವ ಅಭ್ಯಾಸವೂ ಬಿಡತಕ್ಕದ್ದು.

ಇನ್ನು ಜೀವದ ಮಾತು. ಸರಿಯುವ ಗೇಟು ಹಳಿಯ ತುದಿ ದಾಟಿದರೆ ಇಲ್ಲವೆ ಮೇಲಿನ ಹಿಡಿತ ತಪ್ಪಿದರೆ ದೂಡುತ್ತಿದ್ದವರ ಮೈಮೇಲೆಯೇ ಬೀಳುತ್ತದೆ. 250 ಕಿಲೋ ಕಬ್ಬಿಣದ ಕೆಳಗೆ ಸಿಕ್ಕ ಮಗುವಿನ ಗತಿ ಏನೆಂದು ಬಿಡಿಸಿ ಹೇಳಬೇಕಿಲ್ಲ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 19ನೆಯ ಗೇಟು ಕೊಚ್ಚಿಹೋದದ್ದು ನಿಮಗೆ ನೆನಪಿರಬಹುದು. ಅಲ್ಲಿ ಕೈಕೊಟ್ಟದ್ದು ಗೇಟನ್ನು ಹಿಡಿದಿದ್ದ ಸರಪಳಿ. ನಮ್ಮ ಗೇಟಿನಲ್ಲಿಯೂ ಹಿಡಿಯುವ ಭಾಗಗಳೇ ಮೊದಲು ನೋಡತಕ್ಕವು. ಹಳಿಯ ಎರಡೂ ತುದಿಗೆ ದಪ್ಪ ತಗಡಿನ ತಡೆ ಇರಬೇಕು. ಅದನ್ನು ಹಳಿಗಷ್ಟೇ ಬೆಸೆಯದೆ ಕಾಂಕ್ರೀಟಿನಲ್ಲಿ ಹುಗಿದಿರಬೇಕು. ಮೇಲ್ಭಾಗವನ್ನು ಎರಡೂ ಬದಿಯಿಂದ ಹಿಡಿಯುವ ರೋಲರುಗಳು ಎರಡು ಜೊತೆ ಬೇಕು. ಒಂದೇ ಜೊತೆ ಹಾಕುವುದು ಉಳಿತಾಯವಲ್ಲ, ಅಪಾಯ. ಗೇಟು ಪೂರ್ತಿ ಮುಚ್ಚಿದಾಗಲೂ ಅದರ ಬಾಲ ಎರಡೂ ಜೊತೆಯೊಳಗೆ ಇರಬೇಕು. ಎದುರಿನ ಕಂಬದಲ್ಲಿ ಗೇಟಿನ ಮೂತಿ ಹೋಗಿ ಕೂಡ್ರುವ ಗೂಡು ಇರಲಿ. ಕೆಲಸ ಮುಗಿದ ದಿನ, ಹಣದ ಕಡೆಯ ಕಂತು ಕೊಡುವ ಮುಂಚೆ, ಇಬ್ಬರು ಗಟ್ಟಿ ಆಳುಗಳಿಂದ ಎರಡೂ ಕಡೆಗೆ ಜೋರಾಗಿ ದೂಡಿಸಿ ನೋಡಿರಿ. ಬೀಳಬಹುದಾದ ಬದಿಗೆ ಯಾರೂ ನಿಲ್ಲಬಾರದು.

ಕಬ್ಬು ಸಾಗಿಸಿ ಮುಗಿದ ಕೂಡಲೇ, ಬೇಸಿಗೆಯ ಬಿರುಕು ಆಳಕ್ಕೆ ಇಳಿಯುವ ಮುಂಚೆ, ಅಗೆತ ಆರಂಭಿಸುವುದು ಅನುಕೂಲ. ತೊಲೆಗೆ 14 ದಿವಸ ನೀರುಣಿಸಬೇಕು, 28 ದಿವಸ ಅದರ ಮೇಲೆ ಭಾರದ ವಾಹನ ಹಾಯಿಸಬಾರದು. ಅಷ್ಟು ದಿನಕ್ಕೆ ಬೇಲಿಯ ಇನ್ನೊಂದು ಕಡೆ ತಾತ್ಪೂರ್ತಿಕ ದಾರಿಯನ್ನು ಮೊದಲೇ ಮಾಡಿಟ್ಟುಕೊಳ್ಳಿರಿ.