ಢಿಶುಂ ಸುಲಭ, ಕೈ ವಾಪಸ್ ಬರೋದೇ ಕಷ್ಟ!

ದಾವಣಗೆರೆ ಕಡೆಯ ಓದುಗ ಮಿತ್ರರೊಬ್ಬರ ಕಾಗದ ಬಂದಿದೆ. ಹೆಸರು ಹಾಕಬೇಡಿ ಅಂದಿದ್ದಾರೆ, ಹಾಕೋದಿಲ್ಲ. ಹಗಲೆಲ್ಲ ಗ್ಯಾರೇಜಿನಲ್ಲಿ ಕೆಲಸ. ರಾತ್ರಿಯಾದರೆ ಮನೆ ಹಿಂದಿನ ಹುಣಸೇಮರಕ್ಕೆ ಮರಳು ತುಂಬಿದ ಗೋಣಿಚೀಲ ಕಟ್ಟಿ ಗುದ್ದಾಟ! "ಸಾರ್, 'ರಾಕಿ' ಹತ್ತು ಸಲ ನೋಡಿದ್ದೀನಿ. ಹದಿನೈದು ದಿನದಿಂದ ಬರಿಗೈಲೇ ಹೊಡೀತಿದ್ದೀನಿ. ಕಿರುಬೆರಳ ಹತ್ತಿರ ಊದಿಕೊಂಡಿದೆ, ಸ್ಪ್ಯಾನರ್ ಹಿಡಿಯೋಕೆ ಆಗ್ತಿಲ್ಲ. ಬಾಕ್ಸರ್ ಆಗೋಕೆ ಇನ್ನೆಷ್ಟು ದಿನ ಬೇಕು?"

ಮಿತ್ರರೇ, ಮೊದಲು ಆ ಚೀಲ ಇಳಿಸಿ. ನಾಳೆಯೇ ಆಸ್ಪತ್ರೆಗೆ ಹೋಗಿ ಎಕ್ಸ್‌ರೇ ತೆಗೆಸಿ. ಕಿರುಬೆರಳ ಗೆಣ್ಣಿನ ಕೆಳಗಿನ ಮೂಳೆ ಮುರಿದರೆ ಡಾಕ್ಟರುಗಳು ಅದಕ್ಕೆ 'ಬಾಕ್ಸರ್ಸ್ ಫ್ರ್ಯಾಕ್ಚರ್' ಅಂತಾರೆ. ತಮಾಷೆ ಏನು ಗೊತ್ತಾ? ಪಳಗಿದ ಬಾಕ್ಸರುಗಳಿಗಿಂತ, ಸಿಟ್ಟು ಬಂದಾಗ ಗೋಡೆಗೆ ಗುದ್ದುವ ಶೂರರಿಗೇ ಅದು ಹೆಚ್ಚು!

ತಪ್ಪು ನಿಮ್ಮದೊಂದೇ ಅಲ್ಲ, ನಮ್ಮ ಬೆಳ್ಳಿತೆರೆಯದೂ ಇದೆ. 1978ರ 'ತಾಯಿಗೆ ತಕ್ಕ ಮಗ'ದಲ್ಲಿ ಅಣ್ಣಾವ್ರು ಗ್ಲೌಸ್ ತೊಟ್ಟರು. 2019ರ 'ಪೈಲ್ವಾನ್'ನಲ್ಲಿ ಸುದೀಪ್ ಅಖಾಡದಿಂದ ರಿಂಗಿಗೆ ಹಾರಿದರು. ಎರಡಕ್ಕೂ ಸೀಟಿ ಹೊಡೆಯಲೇಬೇಕು, ಬೇಡ ಅಂದವರ್ಯಾರು? ಆದರೆ ತೆರೆಯ ಮೇಲಿನ ಗುದ್ದು ಎಷ್ಟೋ ಸಲ ಮುಖದಿಂದ ಗೇಣು ದೂರದಲ್ಲೇ ಹೋಗುತ್ತೆ. ಕ್ಯಾಮೆರಾ ಇಟ್ಟ ಕೋನದಿಂದ ಬಿದ್ದ ಹಾಗೆ ಕಾಣುತ್ತೆ. ಆ 'ಢಿಶುಂ' ಇದೆಯಲ್ಲ, ಅದು ಆಮೇಲೆ ಸ್ಟುಡಿಯೋದಲ್ಲಿ ಸೇರಿಸಿದ್ದು ಸ್ವಾಮಿ! ಇನ್ನು ಟ್ರೈನಿಂಗು? ಒಂದು ಹಾಡು ಮುಗಿಯೋದ್ರೊಳಗೆ ಹೀರೋ ರೆಡಿ.

ಹೀರೋ ಹಿಂದಿನ ಹೀರೋ

ನಿಮ್ಮ 'ರಾಕಿ'ಗೇ ಬರೋಣ. 1976ರ ಆ ಚಿತ್ರದಲ್ಲಿ ಸಿಲ್ವೆಸ್ಟರ್ ಸ್ಟಲೋನ್ ಶೈತ್ಯಾಗಾರದಲ್ಲಿ ನೇತುಹಾಕಿದ ಮಾಂಸದ ತುಂಡುಗಳಿಗೆ ಗುದ್ದುತ್ತಾನಲ್ಲ, ಅದು ನನ್ನ ಬಾಳಿನಿಂದ ತಗೊಂಡದ್ದು ಅಂತ ಹೇಳುತ್ತಿದ್ದವರು ಜೋ ಫ್ರೇಜಿಯರ್. ಅದೇ ಫಿಲಡೆಲ್ಫಿಯಾದ ಕಸಾಯಿಖಾನೆಯಲ್ಲಿ ಕೂಲಿ ಮಾಡುತ್ತಾ ಮಾಂಸಕ್ಕೇ ಗುದ್ದಿ ಅಭ್ಯಾಸ ಮಾಡಿದ ಮನುಷ್ಯ. ಚಿತ್ರದ ಕೊನೇ ಫೈಟಿಗೆ ಮುಂಚೆ ರಿಂಗಿನಲ್ಲಿ ಒಂದು ಕ್ಷಣ ಬಂದು ಹೋಗೋದೂ ಅವರೇ. ಮುಂದಿನ ಸಲ ಕಣ್ಣಿಟ್ಟು ನೋಡಿ.

ಈ ಫ್ರೇಜಿಯರ್ ಸೌತ್ ಕೆರೊಲಿನಾದ ಬಡ ಕರಿಯ ರೈತನ ಮಗ. ಹುಡುಗನಾಗಿದ್ದಾಗ ನಿಮ್ಮ ಹಾಗೇ ಗೋಣಿಚೀಲ ತಂದ. ಆದರೆ ಮರಳು ತುಂಬಲಿಲ್ಲ. ಚಿಂದಿಬಟ್ಟೆ, ಜೋಳದ ದಿಂಡು, ಮರದ ಮೇಲೆ ಬೆಳೆಯುವ ಪಾಚಿ, ತೂಕಕ್ಕೆ ನಡುವೆ ಒಂದು ಇಟ್ಟಿಗೆ. ಓಕ್ ಮರಕ್ಕೆ ಕಟ್ಟಿದ. ಕೈಗೆ ಅಪ್ಪನ ಹಳೇ ಟೈ ಸುತ್ತಿಕೊಂಡ. ಹೆಚ್ಚುಕಮ್ಮಿ ದಿನಾ ಒಂದು ಗಂಟೆ, ಆರೇಳು ವರ್ಷ ಗುದ್ದಿದ! ಎಷ್ಟು ದಿನ ಬೇಕು ಅಂದಿರಲ್ಲ, ಲೆಕ್ಕ ಹಾಕಿಕೊಳ್ಳಿ.

1964ರ ಟೋಕಿಯೋ ಒಲಿಂಪಿಕ್ಸ್‌ನಲ್ಲಿ ಚಿನ್ನ ಬಂತು. 1971ರ ಮಾರ್ಚ್ 8ರಂದು ನ್ಯೂಯಾರ್ಕಿನಲ್ಲಿ, 15ನೇ ರೌಂಡಿನಲ್ಲಿ, ಆ ಚೀಲದ ಮೇಲೆ ಕಲಿತ ಎಡಗೈ ಹುಕ್ ಸಾಕ್ಷಾತ್ ಮಹಮ್ಮದ್ ಅಲಿಯನ್ನೇ ನೆಲಕ್ಕೆ ಕೆಡವಿತು. ಆದರೂ ನೋಡಿ ಲೋಕದ ನ್ಯಾಯ! ಫಿಲಡೆಲ್ಫಿಯಾದಲ್ಲಿ ರಾಕಿಯ ಕಂಚಿನ ಪ್ರತಿಮೆ 1982ರ 'ರಾಕಿ 3'ರ ಹೊತ್ತಿಗೇ ಎದ್ದು ನಿಂತಿತು. ನಿಜವಾದ ಬಾಕ್ಸರನ ಪ್ರತಿಮೆ ಅದೇ ಊರಿನಲ್ಲಿ ಏಳಲು 2015 ಬರಬೇಕಾಯ್ತು. ಫ್ರೇಜಿಯರ್ ತೀರಿಕೊಂಡದ್ದು 2011ರಲ್ಲಿ.

ಒಂದು, ಎರಡು, ಮೂರು

ನಾನು ಬೆಳಿಗ್ಗೆ ಹೋಗುವ ಒಂದು ತಗಡಿನ ಶೆಡ್ಡಿದೆ. ಅಲ್ಲಿನ ಕೋಚ್ ಹೊಸ ಹುಡುಗರಿಗೆ ಮೊದಲು ಹೇಳಿಕೊಡೋದು ಗುದ್ದೋದನ್ನಲ್ಲ, ಕೈಗೆ ಪಟ್ಟಿ ಸುತ್ತೋದನ್ನ. ಮಣಿಕಟ್ಟು, ಗೆಣ್ಣು, ಹೆಬ್ಬೆರಳು ಎಲ್ಲ ಬಿಗಿಯಾಗಬೇಕು. ಅದರ ಮೇಲೆ ಗ್ಲೌಸ್. ಬ್ಯಾಗಿನ ತೂಕ ನಿಮ್ಮ ಮೈತೂಕದ ಅರ್ಧದಷ್ಟಿದ್ದರೆ ಸಾಕು. ಒಳಗೆ ಟೈಲರ್ ಅಂಗಡಿಯ ಚಿಂದಿ ಒಳ್ಳೇದು. ಮರಳು ತಳಕ್ಕಿಳಿದು ಕಲ್ಲಾಗುತ್ತೆ.

ಬಲಗೈಯವರಾದರೆ ಎಡಗಾಲು ಮುಂದೆ, ಗದ್ದ ಕೆಳಗೆ, ಎರಡೂ ಮುಷ್ಟಿ ಕೆನ್ನೆ ಹತ್ತಿರ. ಪಿಯುಸಿ ಲೆಕ್ಕ ನನಗೆ ಹತ್ತಲಿಲ್ಲ, ಆದರೆ ಈ ಲೆಕ್ಕ ಬಾಯಿಪಾಠ. ಒಂದು ಅಂದರೆ ಜ್ಯಾಬ್, ಎಡಗೈಯ ನೇರ ಗುದ್ದು. ಎರಡು ಅಂದರೆ ಕ್ರಾಸ್, ಬಲಗೈಯದು. ಬಲ ಹಿಮ್ಮಡಿ ತಿರುಗಬೇಕು, ಸೊಂಟ ತಿರುಗಬೇಕು. ಶಕ್ತಿ ಬರೋದು ತೋಳಿನಿಂದಲ್ಲ, ನೆಲದಿಂದ. ಮೂರು ಎಡಗೈ ಹುಕ್. ಮೊಣಕೈ ಮಡಿಸಿ, ಎಡಪಾದ ತಿರುಗಿಸಿ, ಪಕ್ಕದಿಂದ.

ಮೊದಲು ಒಂದು-ಎರಡು. ಅದು ಕುದುರಿದ ಮೇಲೆ ಒಂದು-ಒಂದು-ಎರಡು. ಆಮೇಲೆ ಒಂದು-ಎರಡು-ಮೂರು. ಕೊನೆಗೆ ಒಂದು-ಎರಡು-ಮೂರು-ಎರಡು. ಪ್ರತಿ ಗುದ್ದಿಗೂ ಮೂಗಿನಿಂದ 'ಸ್ಸ್' ಅಂತ ಉಸಿರು ಹೊರಗೆ. ಹೊಸಬರಿಗೆ 2 ನಿಮಿಷದ ರೌಂಡು, 1 ನಿಮಿಷ ವಿಶ್ರಾಂತಿ, ಅಂಥ 3 ರೌಂಡು ಧಾರಾಳ. ಬ್ಯಾಗು ಉಯ್ಯಾಲೆಯಾಡಿದರೆ ನೀವು ಗುದ್ದುತ್ತಿಲ್ಲ, ತಳ್ಳುತ್ತಿದ್ದೀರಿ ಅಂತ ಅರ್ಥ. ಸರಿಯಾದ ಗುದ್ದಿಗೆ ಬ್ಯಾಗು ನಡುಗುತ್ತೆ, ಅಷ್ಟೆ.

ಗುಟ್ಟು ಇಲ್ಲಿದೆ ಕೇಳಿ. ಹೋದ ಕೈ ಹೋದ ದಾರಿಯಲ್ಲೇ ಕೆನ್ನೆಗೆ ವಾಪಸ್ ಬರಬೇಕು. ಟ್ರಿಪ್ ಹೋದ ಬಸ್ಸು ಡಿಪೋಗೆ ಬಂದ ಹಾಗೆ! ಯಾರಾದರೂ ಹುಡುಗ ಹುಕ್ ಹೊಡೆದು ಕೈ ಕೆಳಗೆ ಬಿಟ್ಟರೆ ನಮ್ಮ ಕೋಚ್ ಕೂಗುತ್ತಾರೆ: "ಎಲ್ಲಪ್ಪಾ ಕೈ? ಊರಿಗೆ ಹೋಯ್ತಾ?" ಬ್ಯಾಗು ತಿರುಗಿಸಿ ಹೊಡೆಯೋಲ್ಲ, ಅದಕ್ಕೇ ಕೈ ಮರೆತುಹೋಗುತ್ತೆ. ಎದುರಿಗೆ ಮನುಷ್ಯ ಇದ್ದರೆ ಅವನು ಮರೆಯೋದಿಲ್ಲ. ತೆರೆಯ ಮೇಲೆ ನಾವು ನೋಡೋದು ಹೋಗುವ ಕೈ ಮಾತ್ರ. ಬಾಕ್ಸರನ್ನು ಉಳಿಸೋದು ಬರುವ ಕೈ.

ಊತ ಪೂರ್ತಿ ಇಳಿದು ಡಾಕ್ಟರು ಹೂಂ ಅಂದಮೇಲೆ ಊರಲ್ಲಿ ಒಬ್ಬ ಗುರು ಹುಡುಕಿ, ಪಟ್ಟಿ ಸುತ್ತಿ, ನಿಧಾನವಾಗಿ ಒಂದರಿಂದ ಶುರುಮಾಡಿ. ಸಂಜೆ ಗುದ್ದಿದ ಕೈಯೇ ಬೆಳಿಗ್ಗೆ ಸ್ಪ್ಯಾನರ್ ಹಿಡೀಬೇಕು, ಮುದ್ದೆ ಮುರೀಬೇಕು. ಬರ್ಲಾ? ಮುಂದಿನ ವಾರ ಸಿಗೋಣ.