ತುಕ್ಕಿನಡಿಯ ಅಂಕಿ

ಹಿರೀಸಾವೆ ಸುತ್ತಿನ ತೆಂಗಿನ ತೋಟಗಳಲ್ಲಿ ಇಂಥದೊಂದು ಮೂಲೆ ಸಾಮಾನ್ಯವಾಗಿ ಇದ್ದೇ ಇರುತ್ತದೆ. ಪಂಪ್‌ಸೆಟ್ ಮನೆಯ ಹಿಂದೆಯೋ ಕೊಟ್ಟಿಗೆಯ ಸೂರಿನ ಕೆಳಗೋ, ಒಣಗಿದ ಮಟ್ಟೆ-ಗರಿಗಳ ಜೊತೆಗೊಂದು ಕಬ್ಬಿಣದ ರಾಶಿ. ಹಲ್ಲು ಮುರಿದ ಕಲ್ಟಿವೇಟರ್, ಸವೆದ ರೋಟವೇಟರ್ ಬ್ಲೇಡುಗಳು, ಪವರ್ ಟಿಲ್ಲರಿನ ಕೆಸರು ಚಕ್ರ, ಯಾವುದಕ್ಕೆ ಸೇರಿದ್ದೆಂದು ಮನೆಯಲ್ಲಿ ಯಾರಿಗೂ ನೆನಪಿಲ್ಲದ ಒಂದು ಹಲ್ಲುಗಾಲಿ. ಗುಜರಿಯವನು ಬಂದಾಗಲೆಲ್ಲ ತೂಕಕ್ಕೆ ಹೋಗಬೇಕಾದದ್ದು. "ಇರಲಿ ಬಿಡು, ಯಾವತ್ತಾದರೂ ಬೇಕಾಗುತ್ತೆ" ಎಂದು ಹಿರಿಯರು ತಡೆದದ್ದರಿಂದ ಉಳಿದಿದೆ.

ಆ "ಯಾವತ್ತಾದರೂ" ಬರುವುದು ಮುಂಗಾರಿನ ಒಳ್ಳೆಯ ಮಳೆಯ ಮಾರನೆಯ ದಿನವೇ. ಹೊಲಕ್ಕೆ ಹದ ಬಂದಿದೆ. ನಾಲ್ಕು ದಿನ ಬಿಸಿಲು ಬಿದ್ದರೆ ಹದ ಹಾರಿಹೋಗುತ್ತದೆ. ಸರಿಯಾಗಿ ಅದೇ ಹೊತ್ತಿಗೆ ರೋಟವೇಟರಿನ ಬೇರಿಂಗ್ ಕಿರುಗುಟ್ಟಿ ನಿಲ್ಲುತ್ತದೆ. ಮನೆಯಲ್ಲಿ ಓದುವ ಹುಡುಗನಿದ್ದರೆ ಅವನನ್ನೇ ಪೇಟೆಗೆ ಓಡಿಸುತ್ತಾರೆ. ಹಿರೀಸಾವೆ ಹೆದ್ದಾರಿಯ ಮೇಲಿನ ಊರು. ಒಂದು ದಿಕ್ಕಿಗೆ ಚನ್ನರಾಯಪಟ್ಟಣ, ಹಾಸನ. ಇನ್ನೊಂದು ದಿಕ್ಕಿಗೆ ಬೆಂಗಳೂರು, ಅಲ್ಲಿಯ ಜೆ.ಸಿ. ರಸ್ತೆ. ಬಸ್ಸಿಗೇನೂ ಬರವಿಲ್ಲ. ಅಂಗಡಿಯವರು "ಯಾವ ನಂಬರಪ್ಪಾ?" ಎಂದು ಕೇಳುತ್ತಾರೆ. ಹುಡುಗ ಎರಡು ಬೆರಳು ಅಗಲಿಸಿ "ಇಷ್ಟು ದಪ್ಪ ಇತ್ತು ಅಣ್ಣಾ" ಎನ್ನುತ್ತಾನೆ. ಅಲ್ಲಿಗೆ ಆ ದಿನ ಮುಗಿದಂತೆ. ಅಂದಾಜಿನ ಮೇಲೆ ತಂದದ್ದು ಕೂರುವುದಿಲ್ಲ. ಮತ್ತೆ ಬಸ್ಸು, ಮತ್ತೆ ಅಂಗಡಿ. ಅಷ್ಟರಲ್ಲಿ ಹೊಲ ಒಣಗಿರುತ್ತದೆ.

ಮರದ ನೇಗಿಲಿಗೆ ನಂಬರು ಬೇಕಿರಲಿಲ್ಲ. ಗುಳ ಸವೆದರೆ ಕುಲುಮೆಗೆ ಒಯ್ದರಾಯಿತು, ಆಚಾರ್ರು ಆ ನೇಗಿಲನ್ನೇ ನೋಡಿ ತಟ್ಟಿ ಕೂರಿಸುತ್ತಿದ್ದರು. ಕಾರ್ಖಾನೆಯ ಭಾಗದ ಕಥೆ ಬೇರೆ. ಸಾವಿರಾರು ಒಂದೇ ರೀತಿಯಲ್ಲಿ ತಯಾರಾಗುತ್ತವೆ, ಯಾವುದು ಯಾವ ಊರಿನ ಯಂತ್ರ ಸೇರುತ್ತದೋ ಮಾಡಿದವನಿಗೂ ಗೊತ್ತಿಲ್ಲ. ಅಳತೆ ಮತ್ತು ಅಂಕಿ, ಇವೆರಡೇ ಅದರ ವಿಳಾಸ.

ಯಂತ್ರದ ಹೆಸರು ಹೇಳಿದರೆ ಸಾಲದೇ ಎಂದು ಕೇಳಬಹುದು. ಸಾಲದು. ಎಚ್‌ಎಂಟಿ 1971ರಲ್ಲಿ ಹರಿಯಾಣದ ಪಿಂಜೋರಿನಲ್ಲಿ ಜೆಟರ್ ತಂತ್ರಜ್ಞಾನದ ಟ್ರ್ಯಾಕ್ಟರು ಮಾಡಲು ತೊಡಗಿತು. ಆ ವಿಭಾಗವನ್ನು ಮುಚ್ಚಲು 2016ರಲ್ಲಿ ಕೇಂದ್ರ ಸರಕಾರ ಒಪ್ಪಿಗೆ ಕೊಟ್ಟಿತು. 1959ರಲ್ಲಿ ಟ್ರ್ಯಾಕ್ಟರು ಹೊರತಂದ ಐಶರ್‌ನ ಟ್ರ್ಯಾಕ್ಟರ್ ವ್ಯವಹಾರ 2005ರಲ್ಲಿ ಚೆನ್ನೈನ ಟಾಫೆ ಕಂಪನಿಯ ಪಾಲಾಯಿತು. ಕಂಪನಿ ಕೈ ಬದಲಾಯಿಸುತ್ತದೆ, ಕಾರ್ಖಾನೆ ಮುಚ್ಚುತ್ತದೆ, ಕೈಪಿಡಿ ಗೆದ್ದಲು ಹಿಡಿಯುತ್ತದೆ. ಬೇರಿಂಗಿನ ಅಂಚಿನಲ್ಲಿ ಒತ್ತಿದ ನಾಲ್ಕು ಅಂಕಿ ಮಾತ್ರ ಹಾಗೇ ಉಳಿದಿರುತ್ತದೆ, ತುಕ್ಕಿನ ಅಡಿಯಲ್ಲಿ.

ಮೊದಲ ಕೆಲಸ ಅದನ್ನು ಓದುವುದು. ಗ್ರೈಂಡರ್ ಹಿಡಿಯಬಾರದು, ತುಕ್ಕಿನ ಜೊತೆ ಅಂಕಿಯೂ ಹೋಗುತ್ತದೆ. ಡೀಸೆಲ್ಲಿನಲ್ಲಿ ಒಂದು ರಾತ್ರಿ ನೆನೆಸಿ, ತಂತಿಬ್ರಶ್ಶಿನಿಂದ ಹಗುರವಾಗಿ ಉಜ್ಜಿ, ಒರೆಸಿ, ಮೇಲೆ ಸೀಮೆಸುಣ್ಣ ಬಳಿದರೆ ತಗ್ಗಿನಲ್ಲಿ ಬಿಳುಪು ನಿಂತು ಅಕ್ಷರ ಏಳುತ್ತದೆ. ಅದೂ ಆಗದಿದ್ದರೆ ತೆಳು ಕಾಗದ ಹೊದಿಸಿ ಪೆನ್ಸಿಲ್ ಉಜ್ಜಬಹುದು. ನಾಣ್ಯದ ಮೇಲೆ ಮಕ್ಕಳು ಆಡುವ ಆಟವೇ ಇದು. ಇದೇ ತಾಲ್ಲೂಕಿನ ಶ್ರವಣಬೆಳಗೊಳದ ಶಾಸನಗಳನ್ನು ಬಿ.ಎಲ್. ರೈಸ್ 1889ರಲ್ಲಿ ಪುಸ್ತಕವಾಗಿ ಪ್ರಕಟಿಸಿದರು. ಶಾಸನ ಓದುವವರು ಕಲ್ಲಿನ ಮೇಲೆ ಒದ್ದೆ ಕಾಗದ ತಟ್ಟಿ ಮಸಿ ಹಚ್ಚಿ ಅಚ್ಚು ತೆಗೆಯುತ್ತಾರಲ್ಲ, ಅದರ ಬಡ ತಮ್ಮ ಈ ಪೆನ್ಸಿಲ್ ಅಚ್ಚು. ಮೊಬೈಲಿನಲ್ಲಿ ಚಿತ್ರ ತೆಗೆಯುವುದಾದರೆ ಪಕ್ಕದಲ್ಲಿ ಸ್ಕೇಲ್ ಇಟ್ಟು ತೆಗೆಯಬೇಕು. ಸ್ಕೇಲಿಲ್ಲದ ಚಿತ್ರಕ್ಕೂ ಬೆರಳು ಅಗಲಿಸಿ ತೋರಿಸುವುದಕ್ಕೂ ಹೆಚ್ಚು ವ್ಯತ್ಯಾಸವಿಲ್ಲ.

ಒಂದು ಎಚ್ಚರಿಕೆ. ಎರಕದ ಭಾಗದ ಮೇಲೆ ಉಬ್ಬಿಕೊಂಡಿರುವ ದೊಡ್ಡ ಅಂಕಿ ಅನೇಕ ಸಲ ಅಚ್ಚಿನ ಅಂಕಿ, ಭಾಗದ ಅಂಕಿಯಲ್ಲ. ಒಂದೇ ಅಚ್ಚಿನಲ್ಲಿ ಎರೆದದ್ದನ್ನು ಬೇರೆ ಬೇರೆ ರೀತಿ ಕೊರೆದು ಎರಡು ಯಂತ್ರಕ್ಕೆ ಹಾಕಿರಬಹುದು. ಅದನ್ನು ಬರೆದುಕೊಂಡರೆ ತಪ್ಪೇನಿಲ್ಲ, ಅದೊಂದನ್ನೇ ನಂಬಿ ದುಡ್ಡು ಕೊಡಬಾರದು, ಅಷ್ಟೆ.

ಬೇರಿಂಗಿನ ಅಂಕಿ ಹೀಗಲ್ಲ, ಅದು ಲೆಕ್ಕ ಕೊಡುತ್ತದೆ. 6205 ಎಂದಿದ್ದರೆ 6 ಎಂಬುದು ಗುಂಡಿನ ಬೇರಿಂಗಿನ ಜಾತಿ, 2 ಅದರ ಗಾತ್ರದ ಸರಣಿ. ಕೊನೆಯ 05ನ್ನು ಐದರಿಂದ ಗುಣಿಸಿದರೆ 25. ಒಳತೂತು 25 ಮಿಲಿಮೀಟರ್ ಎಂದರ್ಥ. 04ರಿಂದ ಮೇಲಕ್ಕೆ ಈ ಲೆಕ್ಕ ನಡೆಯುತ್ತದೆ. ಅದಕ್ಕೂ ಚಿಕ್ಕವಾದ 00, 01, 02, 03ಕ್ಕೆ ಮಾತ್ರ ಒಳತೂತು 10, 12, 15, 17. ಈಗ ತಮಾಷೆ ನೋಡಿ. 6205 ಮತ್ತು 6305, ಎರಡರ ಒಳತೂತೂ 25. ಹೊರ ವ್ಯಾಸ ಒಂದಕ್ಕೆ 52, ಇನ್ನೊಂದಕ್ಕೆ 62. ಶಾಫ್ಟನ್ನು ಮಾತ್ರ ಅಳೆದು ಹೋದವನು ಇಲ್ಲಿ ಮೋಸಹೋಗುತ್ತಾನೆ. 6206ರ ಹೊರ ವ್ಯಾಸವೂ 62, ಆದರೆ ಒಳತೂತು 30. ಗೂಡನ್ನು ಮಾತ್ರ ಅಳೆದವನು ಅಲ್ಲಿ ಮೋಸಹೋಗುತ್ತಾನೆ. ಒಳಗು, ಹೊರಗು, ದಪ್ಪ ಮೂರೂ ಬೇಕು. ಕೊನೆಯಲ್ಲಿ ಝಡ್‌ಝಡ್ ಎಂದಿದ್ದರೆ ಎರಡೂ ಬದಿಗೆ ತಗಡಿನ ಮುಚ್ಚಳ, 2ಆರ್‌ಎಸ್ ಎಂದಿದ್ದರೆ ರಬ್ಬರಿನದು. ಮಣ್ಣಿನಲ್ಲಿ ತಿರುಗುವ ಯಂತ್ರಕ್ಕೆ ಇದು ಸಣ್ಣ ಮಾತಲ್ಲ.

ಪಿಯುಸಿ ಪ್ರಯೋಗಾಲಯದಲ್ಲಿ ವರ್ನಿಯರ್ ಕ್ಯಾಲಿಪರ್ ಹಿಡಿದು ಸಿಲಿಂಡರಿನ ವ್ಯಾಸ ಬರೆದು ಅಂಕ ಪಡೆಯುವ ಮಕ್ಕಳು ಅದೇ ಉಪಕರಣದಿಂದ ಮನೆಯ ಒಂದು ಬೋಲ್ಟನ್ನೂ ಅಳೆದಿರುವುದಿಲ್ಲ. ಅಳೆದು ನೋಡಲಿ, ಅಲ್ಲೊಂದು ಇತಿಹಾಸವೇ ಇದೆ. ಅರ್ಧ ಅಂಗುಲದ ಬೋಲ್ಟಿಗೆ 1841ರಲ್ಲಿ ಇಂಗ್ಲೆಂಡಿನ ಜೋಸೆಫ್ ವಿಟ್‌ವರ್ತ್ ಹಾಕಿಕೊಟ್ಟ ಪದ್ಧತಿಯಲ್ಲಿ ಅಂಗುಲಕ್ಕೆ 12 ಥ್ರೆಡ್; ಅಮೆರಿಕದ ಪದ್ಧತಿಯಲ್ಲಿ 13. ನಟ್ಟು ಒಂದೆರಡು ಸುತ್ತು ಚೆನ್ನಾಗಿಯೇ ಹೋಗಿ ಬಿಗಿಯುತ್ತದೆ. "ತುಕ್ಕು ಇರಬೇಕು" ಎಂದು ಉದ್ದ ಸ್ಪ್ಯಾನರ್ ಹಾಕಿ ತಿರುಗಿಸಿದರೆ ಎರಡೂ ಕೆಡುತ್ತವೆ. ಎರಡನೆಯ ಮಹಾಯುದ್ಧದಲ್ಲಿ ಒಂದೇ ಪಕ್ಷದಲ್ಲಿದ್ದ ಬ್ರಿಟನ್, ಅಮೆರಿಕಗಳೇ ಈ ತೊಡಕಿನಿಂದ ಸಾಕಾಗಿ, ಕೆನಡಾವನ್ನೂ ಸೇರಿಸಿಕೊಂಡು, 1948ರಲ್ಲಿ ಒಂದೇ ಅಳತೆಗೆ ಸಹಿ ಹಾಕಿದವು. ನಮ್ಮಲ್ಲಿ 1956ರ ಕಾಯಿದೆಯಿಂದ ಮೆಟ್ರಿಕ್ ಬಂತು. ಎಂ12 ಬೋಲ್ಟು ಕಣ್ಣಿಗೆ ಅರ್ಧ ಅಂಗುಲದ್ದರಂತೆಯೇ ಕಾಣುತ್ತದೆ, ವ್ಯತ್ಯಾಸ ಬರೀ 0.7 ಮಿ.ಮೀ. ಹಳೆಯ ಶೆಡ್ಡಿನ ಡಬ್ಬಿಯೊಂದರಲ್ಲಿ ಮೂರು ದೇಶದ ಪದ್ಧತಿಗಳು ಕಲೆತು ಬಿದ್ದಿರುವುದು ಅಪರೂಪವೇನಲ್ಲ.

ಉಪಕರಣವನ್ನು ಟ್ರ್ಯಾಕ್ಟರಿಗೆ ಹಿಡಿಸುವ ಪಿನ್ನುಗಳಿಗೂ ವರ್ಗಗಳಿವೆ. ಹ್ಯಾರಿ ಫರ್ಗ್ಯುಸನ್ ಬಳಕೆಗೆ ತಂದ ಮೂರು ಬಿಂದುಗಳ ಜೋಡಣೆ ಇದು: ಕೆಳಗೆರಡು ತೋಳು, ಮೇಲೊಂದು. ಒಂದನೆಯ ವರ್ಗದಲ್ಲಿ ಕೆಳಗಿನ ಪಿನ್ 22 ಮಿ.ಮೀ., ಮೇಲಿನದು 19. ಎರಡನೆಯದರಲ್ಲಿ 28 ಮತ್ತು 25. ಇನ್ನು ರೋಟವೇಟರಿನ ಎಲ್ ಆಕಾರದ ಬ್ಲೇಡುಗಳಲ್ಲಿ ಎಡ-ಬಲ ಬೇರೆ ಬೇರೆ, ಚಪ್ಪಲಿಯ ಹಾಗೆ. ಡಜನ್ ಲೆಕ್ಕದಲ್ಲಿ ಒಂದೇ ಬದಿಯವನ್ನು ತಂದು ತಲೆಯ ಮೇಲೆ ಕೈ ಹೊತ್ತವರಿದ್ದಾರೆ.

ಇಷ್ಟರವರೆಗೆ ಹೇಳಿದ ತಪ್ಪುಗಳಿಂದ ಹೋಗುವುದು ದುಡ್ಡು, ಹದ. ಮುಂದಿನದು ಹಾಗಲ್ಲ. ಟ್ರ್ಯಾಕ್ಟರಿನಿಂದ ರೋಟವೇಟರಿಗೆ ಶಕ್ತಿ ಒಯ್ಯುವ ಶಾಫ್ಟಿನಲ್ಲಿ ಹಲವು ಯಂತ್ರಗಳಿಗೆ ಒಂದು ಸಣ್ಣ ಬೋಲ್ಟು ಇರುತ್ತದೆ, ಶಿಯರ್ ಬೋಲ್ಟ್ ಎನ್ನುತ್ತಾರೆ. ಅದು ಇರುವುದೇ ಮುರಿಯಲಿಕ್ಕೆ. ಬ್ಲೇಡಿಗೆ ಬಂಡೆಯೋ ತೆಂಗಿನ ಬೊಡ್ಡೆಯೋ ಸಿಕ್ಕಿದರೆ ತಾನು ಕತ್ತರಿಸಿಹೋಗಿ ಗೇರ್‌ಬಾಕ್ಸನ್ನು ಉಳಿಸುತ್ತದೆ. ಇಲ್ಲಿ ಅಳತೆ ಸರಿಯಿದ್ದರೂ ಸಾಲದು. ಬೋಲ್ಟಿನ ತಲೆಯ ಮೇಲೆ 8.8 ಎಂದಿದ್ದರೆ ಅದು ಚದರ ಮಿಲಿಮೀಟರಿಗೆ 800 ನ್ಯೂಟನ್ ಎಳೆತ ತಡೆಯುವ ಉಕ್ಕು, 10.9 ಎಂದಿದ್ದರೆ 1000. ಎರಡೂ ಒಂದೇ ತೂತಿಗೆ ಒಂದೇ ರೀತಿ ಕೂರುತ್ತವೆ. "ಪದೇ ಪದೇ ಮುರೀತದೆ" ಎಂದು ಬೇಸತ್ತು ಗಟ್ಟಿಯದನ್ನು ಹಾಕಿದರೆ ಬೋಲ್ಟು ಉಳಿಯುತ್ತದೆ, ಗೇರು ಒಡೆಯುತ್ತದೆ. ಕೆಲವರು ಬೋಲ್ಟಿನ ಗೊಡವೆಯೇ ಬೇಡವೆಂದು ವೆಲ್ಡಿಂಗ್ ಮಾಡಿಸುತ್ತಾರೆ. ತಯಾರಕರು ಹೇಳಿದ ದಪ್ಪ, ಹೇಳಿದ ಗಟ್ಟಿತನ, ಎರಡೂ ಇರುವ ಬೋಲ್ಟನ್ನೇ ಕೇಳಿ ತರಬೇಕು.

ಇದು ನಮ್ಮ ಹೊಲದ ಪಾಡು ಮಾತ್ರವಲ್ಲ. ಅಮೆರಿಕ, ಕೆನಡಾಗಳಲ್ಲಿ ಬೇಸಿಗೆಯಲ್ಲಿ ಹುಲ್ಲು ಕತ್ತರಿಸುವ ಚಿಕ್ಕ ಗಾರ್ಡನ್ ಟ್ರ್ಯಾಕ್ಟರಿಗೆ ಚಳಿಗಾಲದಲ್ಲಿ ಹಿಮ ಎರಚುವ ಯಂತ್ರ ಸಿಗಿಸುತ್ತಾರೆ. ತಿರುಪಿನಂಥ ದಂಡವೊಂದು ಹಿಮವನ್ನು ನಡುವಿಗೆ ತಳ್ಳುತ್ತದೆ, ಒಳಗಿಂದ ಅದು ಕೊಳವೆಯ ಮೂಲಕ ದೂರ ಹಾರುತ್ತದೆ. ಆ ದಂಡಕ್ಕೂ ಇದೇ ಮುರಿಯುವ ಪಿನ್ನು. ಹಿಮದಡಿ ಹೂತ ಕಲ್ಲು ಸಿಕ್ಕಿದರೆ ಅದು ಕತ್ತರಿಸುತ್ತದೆ. ಅಲ್ಲೂ ವರ್ಷದ ಬಹುಕಾಲ ಯಂತ್ರ ಗ್ಯಾರೇಜಿನ ಮೂಲೆಯಲ್ಲಿ. ಮೊದಲ ಹಿಮ ಬಿದ್ದ ಬೆಳಿಗ್ಗೆ ಎಲ್ಲರಿಗೂ ಒಟ್ಟಿಗೇ ನೆನಪು. ಇಲ್ಲಿ ಹದ, ಅಲ್ಲಿ ಹಿಮ.

ಅಳತೆ ತೆಗೆಯುವ ಮಕ್ಕಳ ಕೈ ಬಗ್ಗೆ ಹೆತ್ತವರು ಒಂದು ಲೆಕ್ಕ ನೆನಪಿಡಬೇಕು. ಹಿಂದಿನ ಆ ಶಾಫ್ಟು ಸಾಮಾನ್ಯವಾಗಿ ನಿಮಿಷಕ್ಕೆ 540 ಸುತ್ತು, ಅಂದರೆ ಸೆಕೆಂಡಿಗೆ ಒಂಬತ್ತು. ಟವೆಲಿನ ಅಂಚು, ಪಂಚೆ, ದುಪಟ್ಟಾ ಸಿಕ್ಕಿದರೆ "ಅಯ್ಯೋ" ಎನ್ನುವಷ್ಟರಲ್ಲಿ ಒಂಬತ್ತು ಸುತ್ತು ಸುತ್ತಿರುತ್ತದೆ. ಎಂಜಿನ್ ನಿಲ್ಲಿಸಿ, ಕೀಲಿ ಕೈ ತೆಗೆದು ಜೇಬಿಗೆ ಹಾಕಿಕೊಂಡು, ಉಪಕರಣವನ್ನು ನೆಲಕ್ಕಿಳಿಸಿದ ಮೇಲೆಯೇ ಸ್ಕೇಲ್ ಹಿಡಿಯಬೇಕು. ಎತ್ತಿ ನಿಲ್ಲಿಸಿದ ರೋಟವೇಟರಿನ ಕೆಳಗೆ ತೂರುವುದಂತೂ ಬೇಡವೇ ಬೇಡ. ಮೇಲೆತ್ತಿ ಹಿಡಿದಿರುವುದು ಎಣ್ಣೆಯ ಒತ್ತಡ, ಅದು ಯಾವಾಗ ಇಳಿಯುತ್ತದೆಂದು ಹೇಳಿ ಇಳಿಯುವುದಿಲ್ಲ.

ಇವೆಲ್ಲ ಮಳೆಗೆ ಮುಂಚೆ, ಬೇಸಿಗೆ ರಜೆಯಲ್ಲಿ ಆಗುವ ಕೆಲಸ. ಒಂದು ನೋಟ್‌ಬುಕ್ಕಿನಲ್ಲಿ ಯಂತ್ರಕ್ಕೊಂದು ಪುಟ: ತಯಾರಿಕೆಯ ಫಲಕದ ಮೇಲಿನ ಅಂಕಿ, ಬೇರಿಂಗುಗಳು, ಬೆಲ್ಟಿನ ಮೇಲೆ ಬರೆದದ್ದು, ಶಿಯರ್ ಬೋಲ್ಟಿನ ದಪ್ಪ ಮತ್ತು ತಲೆಯ ಗುರುತು. ನೋಟ್‌ಬುಕ್ ಕಳೆಯುವ ಮನೆಯಾದರೆ ಶೆಡ್ಡಿನ ಬಾಗಿಲ ಒಳಮೈ ಮೇಲೆ ಬಣ್ಣದಲ್ಲಿ ಬರೆದರೂ ಆಯಿತು. ಮುರಿದ ಭಾಗವನ್ನು ಮಾತ್ರ ಹೊಸದು ಕೂರುವವರೆಗೆ ಎಸೆಯಬಾರದು. ಎಷ್ಟೇ ಅಂಕಿ ಬರೆದುಕೊಂಡಿದ್ದರೂ ಪೇಟೆಗೆ ಹೋಗುವ ಹುಡುಗನ ಚೀಲದಲ್ಲಿ, ಹಳೆಯ ಬಟ್ಟೆಯಲ್ಲಿ ಸುತ್ತಿ, ಅದೂ ಇರಲಿ.