ರಾಜ್ಯದ ಹಕ್ಕು ಯಾರ ರಕ್ಷಣೆಗೆ?

ಕೇಂದ್ರ–ರಾಜ್ಯಗಳ ಅಧಿಕಾರದ ವಿವಾದವು ರಾಜಕಾರಣಿಗಳ ಜಗಳ, ನಮಗೇನು ಎಂದು ಸಮುದಾಯದಲ್ಲಿ ಅನೇಕರು ಭಾವಿಸಿದ್ದಾರೆ. ಇದು ದೊಡ್ಡ ತಪ್ಪು. ಕ್ಯಾತ್ಸಂದ್ರವನ್ನು ಹಾದುಹೋಗುವ ರಾಷ್ಟ್ರೀಯ ಹೆದ್ದಾರಿ ಸಂವಿಧಾನದ ಕೇಂದ್ರ ಪಟ್ಟಿಗೆ ಸೇರಿದ್ದು. ಅಲ್ಲಿನ ಪೊಲೀಸ್ ಠಾಣೆ ರಾಜ್ಯ ಪಟ್ಟಿಗೆ ಸೇರಿದ್ದು. ಗಲಭೆಯ ವದಂತಿ ಹಬ್ಬಿದ ರಾತ್ರಿ ನಾವು ತಟ್ಟುವುದು ದಿಲ್ಲಿಯ ಬಾಗಿಲನ್ನಲ್ಲ, ಆ ಠಾಣೆಯ ಬಾಗಿಲನ್ನು. ಆದುದರಿಂದ ರಾಜ್ಯ ಸರಕಾರವನ್ನು ಯಾರು ಉರುಳಿಸಬಹುದು ಎಂಬುದು ನಮ್ಮ ಮನೆಯ ಪ್ರಶ್ನೆಯೂ ಹೌದು.

1989ರ ಎಪ್ರಿಲ್ 21ರಂದು ಎಸ್.ಆರ್. ಬೊಮ್ಮಾಯಿ ಸರಕಾರವನ್ನು 356ನೇ ವಿಧಿಯಡಿ ವಜಾಗೊಳಿಸಲಾಯಿತು. 19 ಶಾಸಕರ ಪತ್ರಗಳೇ ರಾಜ್ಯಪಾಲರಿಗೆ ಸಾಕಾದವು. ಅವರಲ್ಲಿ 7 ಮಂದಿ ವಂಚಿಸಿ ಸಹಿ ಪಡೆಯಲಾಗಿದೆಯೆಂದರೂ, ಸದನದಲ್ಲಿಯೇ ಬಹುಮತ ಸಾಬೀತುಪಡಿಸುವೆನೆಂದು ಮುಖ್ಯಮಂತ್ರಿ ಹೇಳಿದರೂ ಕಿವಿಗೊಡಲಿಲ್ಲ. 1977ರಲ್ಲಿ ಜನತಾ ಸರಕಾರ, 1980ರಲ್ಲಿ ಇಂದಿರಾ ಗಾಂಧಿ ಸರಕಾರ ತಲಾ 9 ರಾಜ್ಯಗಳಲ್ಲಿ ಇದೇ ಅಸ್ತ್ರ ಬಳಸಿದ್ದವು. ಈ ಪಾಪದಲ್ಲಿ ಯಾವ ಪಕ್ಷದ ಕೈಯೂ ಶುಭ್ರವಲ್ಲ.

1994ರ ಮಾರ್ಚ್ 11ರಂದು ಸುಪ್ರೀಂ ಕೋರ್ಟಿನ 9 ನ್ಯಾಯಮೂರ್ತಿಗಳ ಪೀಠ ಬೊಮ್ಮಾಯಿ ಸರಕಾರದ ವಜಾ ಅಸಾಂವಿಧಾನಿಕವೆಂದಿತು. ಬಹುಮತದ ಪರೀಕ್ಷೆ ರಾಜಭವನದಲ್ಲಲ್ಲ, ವಿಧಾನಸಭೆಯಲ್ಲಿ ನಡೆಯಬೇಕೆಂದಿತು. ಬಾಬರಿ ಮಸೀದಿಯ ಧ್ವಂಸದ ಬಳಿಕ 1992ರಲ್ಲಿ ಮಧ್ಯಪ್ರದೇಶ, ರಾಜಸ್ಥಾನ, ಹಿಮಾಚಲ ಪ್ರದೇಶಗಳ ಸರಕಾರಗಳನ್ನು ವಜಾಗೊಳಿಸಿದ್ದನ್ನು ಅದೇ ತೀರ್ಪು ಎತ್ತಿಹಿಡಿಯಿತು. ಜಾತ್ಯತೀತತೆ ಸಂವಿಧಾನದ ಮೂಲ ರಚನೆ. ಅದರ ವಿರುದ್ಧ ನಡೆಯುವ ಸರಕಾರಕ್ಕೆ ರಾಜ್ಯದ ಹಕ್ಕು ಗುರಾಣಿಯಾಗದು.

ಅಮೆರಿಕದ ಇತಿಹಾಸವೂ ಇದನ್ನೇ ಸಾರುತ್ತದೆ. ಅಲ್ಲಿ ಗುಲಾಮಗಿರಿಯನ್ನೂ ಅನಂತರ ವರ್ಣಭೇದವನ್ನೂ ಸಮರ್ಥಿಸಿದವರು ರಾಜ್ಯಗಳ ಹಕ್ಕಿನ ಹೆಸರನ್ನೇ ಹಿಡಿದರು. 1957ರಲ್ಲಿ ಅರ್ಕಾನ್ಸಾಸ್‌ನ ಗವರ್ನರ್ 9 ಕಪ್ಪು ವಿದ್ಯಾರ್ಥಿಗಳನ್ನು ಶಾಲೆಯ ಬಾಗಿಲಲ್ಲಿ ತಡೆದಾಗ, ಅಧ್ಯಕ್ಷ ಐಸೆನ್‌ಹೋವರ್ ಸೇನೆಯನ್ನು ಕಳುಹಿಸಿ ಅವರನ್ನು ಒಳಗೆ ಸೇರಿಸಬೇಕಾಯಿತು.

ಹಾಗೆಂದು ದಿಲ್ಲಿಯ ಕೈ ಬಲವಾದರೆ ದುರ್ಬಲರು ಸುರಕ್ಷಿತರೆಂದಲ್ಲ. ಪ್ರಬಲ ಕೇಂದ್ರವೇ ಅನ್ಯಾಯಕ್ಕಿಳಿದರೆ ಆಶ್ರಯ ಕೊಡಲು ರಾಜ್ಯವಲ್ಲದೆ ಇನ್ನಾರಿದ್ದಾರೆ? ದಿಲ್ಲಿಯೆದುರು ಹಕ್ಕು ಕೇಳುವ ಕರ್ನಾಟಕದಲ್ಲಿಯೇ, 2021ರಲ್ಲಿ ಅವಧಿ ಮುಗಿದ ಜಿಲ್ಲಾ ಪಂಚಾಯತ್‌ಗಳಿಗೆ ವರ್ಷಗಟ್ಟಲೆ ಚುನಾವಣೆ ನಡೆಯಲಿಲ್ಲ. ಮೇಲಿನವರಿಂದ ಕೇಳುವ ನ್ಯಾಯವನ್ನು ಕೆಳಗಿನವರಿಗೆ ನಿರಾಕರಿಸುವುದು ಯಾವ ನೀತಿ?

ಉರುಳಿದ್ದು ಯಾರ ಸರಕಾರವೆಂದು ನೋಡಿ ಸಂಭ್ರಮಿಸುವುದನ್ನು ನಾವು ಬಿಡೋಣ. ಜನರ ಮತಕ್ಕೆ ಬೆಲೆ ಸಿಕ್ಕಿತೇ, ದುರ್ಬಲನಿಗೆ ರಕ್ಷಣೆ ದೊರೆಯಿತೇ ಎಂಬ ಎರಡೇ ಪ್ರಶ್ನೆಗಳನ್ನು ದಿಲ್ಲಿಗೂ ಬೆಂಗಳೂರಿಗೂ ಸಮಾನವಾಗಿ ಕೇಳೋಣ.